ನಾಲ್ಕೂರಿನ ವೋಟು

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಬ್ಯಾಂಕಿಗೆ ಹೊರಟವಳಿಗೆ ಸ್ಕೂಟರ್ ಕೈಕೊಟ್ಟಿತು. ಹಿಂದಿನ ಗಾಲಿ ಪಂಕ್ಚರ್. ತಳ್ಳಿಕೊಂಡು ಹೋಗಿ ಮೊದಲು ಸಿಕ್ಕ ಅಂಗಡಿಯ ಮುಂದೆ ನಿಲ್ಲಿಸಿ, ಲಗೂನ ಮಾಡ್ರಿ ಎಂದು ಅಂಗಡಿಯವನ ಜೀವ ತಿನ್ನುತ್ತಿದ್ದೆ. ಅವನೇನೂ ಅವಸರದವನಲ್ಲ. ಟ್ಯೂಬ್ ಎಳೆದು, ನೀರಿನಲ್ಲಿ ಅದ್ದಿ, ಗುಳ್ಳೆ ಹುಡುಕಿ, ಒರಟು ಕಾಗದದಿಂದ ಉಜ್ಜಿ, ಆಮೇಲೆ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಬ್ಯಾಂಕು, ಹೊತ್ತು, ಮ್ಯಾನೇಜರರ ಗಂಟುಮುಖ ಎಲ್ಲ ಹಿಂದೆ ಸರಿದು ನಮ್ಮ ಕಬಡ್ಡಿ ಟೀಮಿನ ಕ್ಯಾಪ್ಟನ್ ಕಣ್ಣ ಮುಂದೆ ಬಂದು ನಿಂತಳು. ಬಿಗಿಯಾಗಿ ಸುತ್ತಿ ಕಟ್ಟಿದ ಜಡೆ, ಮೊಣಕಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ, ಬರಿಗೈ...

ನನಗೆ ಕೂತಲ್ಲಿ ಕೂರುವ ಸ್ವಭಾವ ಮೊದಲಿನಿಂದಲೂ ಇಲ್ಲ. ನಮ್ಮವ್ವ ನನ್ನನ್ನು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎನ್ನುತ್ತಿದ್ದಳು. ಆದರೆ ಈ ಸಲದ ಚಡಪಡಿಕೆ ಬೇರೆ. ಕೌಂಟರಿನಲ್ಲಿ ಕೂತರೂ ಅದೇ, ಅಡುಗೆ ಮಾಡುವಾಗಲೂ ಅದೇ. ಒಳಗೆ ಯಾರೋ ಬಾಗಿಲು ತಟ್ಟುತ್ತಲೇ ಇದ್ದಾರೆ, ತೆರೆದರೆ ಯಾರೂ ಇಲ್ಲ. ಬರೆದರಾದರೂ ಒಂದು ಕಡೆ ನಿಂತೀತೇನೋ ಎಂದು ಬರೆಯುತ್ತಿದ್ದೇನೆ.

ನಾನಾಗ ಕೊಟ್ಟೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಕಬಡ್ಡಿ ಆಡುತ್ತಿದ್ದೆ ಅನ್ನುವುದು ಸರಿ. ಊರಿನ ಹೆಣ್ಣುಮಕ್ಕಳ ಟೀಮನ್ನು ಕಟ್ಟಿದವನು ಟೈರಿನಂಗಡಿಯ ಚಾಚಾ. ವಯಸ್ಸಿನಲ್ಲಿ ತಾನೂ ಆಡಿದ್ದವನು, ಭುಜ ಸರಿದ ಮೇಲೆ ಬಿಟ್ಟವನು. ಹಳೆಯ ಟ್ಯೂಬುಗಳನ್ನು ಕತ್ತರಿಸಿ ನಮಗೆಲ್ಲ ಮೊಣಕಾಲಿನ ಪಟ್ಟಿ ಮಾಡಿಕೊಟ್ಟಿದ್ದ. ಸಂಜೆ ಮನೆಗೆ ಹೋದರೆ ನಮ್ಮವ್ವ ಮೂಗು ಮುಚ್ಚಿಕೊಂಡು, ಮೊದಲು ಆ ರಬ್ಬರು ತೊಳಕೊಂಡು ಒಳಗೆ ಬಾ ಎನ್ನುತ್ತಿದ್ದಳು.

ಕ್ಯಾಪ್ಟನ್ ನಮಗೆಲ್ಲರಿಗಿಂತ ದೊಡ್ಡವಳು. ಶಾಲೆಯಲ್ಲಿದ್ದಾಗ ಒಳ್ಳೆಯ ಆಟಗಾರ್ತಿ ಎಂದು ಹೆಸರು ಮಾಡಿ, ಮದುವೆಯಾಗಿ ಹೋಗಿ, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ವಾಪಸು ಬಂದಿದ್ದಳು. ಜಂಪರು ಹೊಲಿಯುತ್ತಿದ್ದಳು. ಒಂದು ದಿನ ಚಾಚಾ ಅವಳ ಮನೆಗೇ ಹೋಗಿ, ಹುಡುಗಿಯರಿಗೆ ಹಿಡಿತ ಕಲಿಸುವವರಿಲ್ಲ, ಬರ್ತೀಯೇನವ್ವ ಎಂದು ಕೇಳಿ ಕರೆತಂದ. ಬಂದವಳು ಮೊದಲ ದಿನವೇ ನನ್ನ ಹಿಮ್ಮಡಿ ಹಿಡಿದು ಹೇಗೆ ಎಳೆದಳೆಂದರೆ ನಾನು ಬಾಯಿತುಂಬ ಮಣ್ಣು ತಿಂದೆ. ಎದ್ದು ನೋಡಿದರೆ ನಗುತ್ತಿದ್ದಳು. ಅವಳು ನಗುವುದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಚಾಚಾನ ಅಂಗಡಿಯಲ್ಲಿ ಒಂದು ಡಬ್ಬಾ ಟೀವಿ ಇತ್ತು. ಕ್ರಿಕೆಟ್ ಬಂದರೆ ಚಾನೆಲ್ ಬದಲಿಸುವ ಒಬ್ಬನೇ ಮನುಷ್ಯ ಅವನು. ಹಾಗೆ ಬದಲಿಸುತ್ತ ಒಂದು ಮಧ್ಯಾಹ್ನ ಆಸ್ಟ್ರೇಲಿಯಾದವರ ಫುಟ್‌ಬಾಲ್ ಅವನ ಕಣ್ಣಿಗೆ ಬಿತ್ತು. ನಮ್ಮ ಫುಟ್‌ಬಾಲ್ ಅಲ್ಲ ಅದು. ಚೆಂಡು ಕೋಳಿಮೊಟ್ಟೆಯ ಹಾಗೆ ಉದ್ದ, ಮೈದಾನವೂ ಉದ್ದನೆಯ ಗುಂಡು, ಕೈಯಲ್ಲೂ ಹೊಡೆಯಬಹುದು, ಕಾಲಲ್ಲೂ ಒದೆಯಬಹುದು. ತೋಳಿಲ್ಲದ ಬನಿಯನ್ ತೊಟ್ಟ ಆಳುಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಚಾಚಾ ಗಾಲಿ ಬಿಚ್ಚುವುದನ್ನು ಬಿಟ್ಟು ನೋಡುತ್ತ ಕೂತ. ಸೈಕಲ್ಲಿನವರು ಬೈದುಕೊಂಡು ಬೇರೆ ಅಂಗಡಿಗೆ ಹೋದರು.

"ಅಲ್ನೋಡ ಬೇಟಾ, ತಲಿಗೆ ಟೊಪ್ಪಿಗಿ ಇಲ್ಲ, ಎದಿಗೆ ದಿಂಬಿಲ್ಲ. ಒಬ್ಬನ ಬೆನ್ನ ಮ್ಯಾಲ ಹತ್ತಿ ಒಬ್ಬ ಚೆಂಡು ಹಿಡೀತಾನ. ಇದು ಚೆಂಡಿಟ್ಟುಕೊಂಡು ಆಡೋ ಕಬಡ್ಡಿ ಐತಿ" ಎಂದ.

ಅದಾದ ಮೇಲೆ ಅದು ಬರುವ ದಿನ ನಾನೂ ಅಂಗಡಿಗೆ ಹಾಜರು. ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವುದು ನನ್ನ ಕೆಲಸ. ಅರ್ಧ ತಿಳಿಯುತ್ತಿತ್ತು, ಅರ್ಧ ನಾನೇ ಸೇರಿಸುತ್ತಿದ್ದೆ. ಹಾಗೆ ಓದುವಾಗಲೇ ಅವರ ಪ್ರಶಸ್ತಿಗಳ ಸುದ್ದಿ ಬಂದದ್ದು. ವರ್ಷದ ಕೊನೆಗೆ ಆಟಗಾರರೇ ವೋಟು ಹಾಕಿ ತಮ್ಮೊಳಗೆ ದೊಡ್ಡವರನ್ನು ಆರಿಸುತ್ತಾರಂತೆ. ಎಲ್ಲರಿಗಿಂತ ಬೆಲೆಯುಳ್ಳ ಆಟಗಾರ ಒಬ್ಬ, ಒಳ್ಳೆಯ ಕ್ಯಾಪ್ಟನ್ ಒಬ್ಬ, ಮೊದಲ ವರ್ಷದ ಹೊಸಬರಲ್ಲಿ ಒಬ್ಬ, ಹಾಗೆಯೇ ಎಲ್ಲರಿಗಿಂತ ಧೈರ್ಯವಂತ ಒಬ್ಬ. ಅಂಪೈರು ಇಲ್ಲ, ಪತ್ರಿಕೆಯವರು ಇಲ್ಲ, ಸಾಹೇಬರು ಇಲ್ಲ. ಮೈಗೆ ಮೈ ಕೊಟ್ಟು ಆಡಿದವರದ್ದೇ ಮಾತು.

ಚಾಚಾ ಟೀವಿಯ ದನಿ ತಗ್ಗಿಸಿದ. ಆಮೇಲೆ, "ಬರೋಬರಿ ಐತಿ. ಅಂಪೈರ್ ದೂರ ನಿಂತು ನೋಡ್ತಾನ. ಕಾಲಾಗ ಎಷ್ಟು ತಾಕತ್ತೈತಿ ಅಂತ ಕಾಲು ಹಿಡಿದಾಕಿಗೆ ಗೊತ್ತು" ಎಂದ.

ಈ ಮಾತು ಅವನ ತಲೆಗೆ ಹೊಕ್ಕಿದ್ದಕ್ಕೆ ಕಾರಣವೂ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ಹೆಣ್ಣುಮಕ್ಕಳ ಟೀಮುಗಳು ವರ್ಷಕ್ಕೊಮ್ಮೆ ಸೇರಿ ಆಡುತ್ತಿದ್ದವು. ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಕೊನೆಗೆ ಉತ್ತಮ ಆಟಗಾರ್ತಿಯ ಕಪ್ಪು ಕೊಡುವಾಗ ಮಾತ್ರ ಜಗಳ. ಆಟವನ್ನೇ ನೋಡದೆ ಸನ್ಮಾನದ ಹೊತ್ತಿಗೆ ಬಂದ ಮುಖ್ಯ ಅತಿಥಿ ತನಗೆ ಬೇಕಾದವರ ಮಗಳ ಕೈಗೆ ಕಪ್ಪು ಕೊಟ್ಟು ಕಾರು ಹತ್ತುತ್ತಿದ್ದ. ಆ ವರ್ಷ ಆಟ ನಮ್ಮ ಕೊಟ್ಟೂರಿನಲ್ಲಿ. ಚಾಚಾ ಉಳಿದ ನಾಲ್ಕು ಊರಿಗೂ ಬಸ್ಸಿನಲ್ಲಿ ಓಡಾಡಿ ಒಪ್ಪಿಸಿ ಬಂದ. ಪ್ರತಿ ಟೀಮೂ ತನ್ನ ಒಬ್ಬ ಧೈರ್ಯಗಾರ್ತಿಯನ್ನು ನಿಲ್ಲಿಸಬೇಕು. ಆ ಐವರಲ್ಲಿ ಒಬ್ಬಳಿಗೆ ಎಲ್ಲ ಆಟಗಾರ್ತಿಯರೂ ಒಂದೊಂದು ವೋಟು ಹಾಕಬೇಕು. ತನ್ನೂರಿನವಳಿಗೆ ಹಾಕುವಂತಿಲ್ಲ. ಈ ಕೊನೆಯ ನಿಯಮ ಆಸ್ಟ್ರೇಲಿಯಾದವರದ್ದೋ, ಚಾಚಾ ತಾನೇ ಸೇರಿಸಿದ್ದೋ ನನಗೆ ಈಗ ನೆನಪಿಲ್ಲ.

ವೋಟನ್ನು ಯಾವುದರಲ್ಲಿ ಹಾಕುವುದು? ಅಲ್ಲೇ ಚಾಚಾನಿಗೆ ಒಂದು ವಿಚಾರ ಹೊಳೆಯಿತು. ನಾವು ಪ್ರಾಕ್ಟೀಸಿಗೆ ಹೋಗುವಾಗ ಚಹಾದಂಗಡಿಯ ಕಟ್ಟೆಯ ಮೇಲಿದ್ದ ಗಂಡಸರು, ಬಳಿ ತೊಟ್ಟ ಕೈಲಿ ಏನು ಹಿಡೀತಾವ ಇವು ಎಂದು ನಗುತ್ತಿದ್ದರು. ಕಬಡ್ಡಿಗೆ ಇಳಿಯುವ ಮುಂಚೆ ಬಳೆ ತೆಗೆದಿಡುವುದು ನಿಯಮ. ಆಟ ಮುಗಿಯುವವರೆಗೆ ಎಲ್ಲರ ಬಳೆಗಳೂ ಒಂದು ಬಟ್ಟೆಯ ಚೀಲದಲ್ಲಿ ಗಲಗಲ ಎನ್ನುತ್ತಿದ್ದವು. ಅವೇ ವೋಟಾಗಲಿ ಎಂದ ಚಾಚಾ. ಹೆಚ್ಚು ಬಳೆ ಬಿದ್ದವಳಿಗೆ ಅವನ್ನೇ ತೊಡಿಸಿ ಊರ ಮುಂದೆ ನಿಲ್ಲಿಸೋಣ, ಬಳೆ ಅಂದರೆ ಏನು ಅಂತ ಆ ಕಟ್ಟೆಯವರೂ ನೋಡಲಿ ಎಂದ. ನಾವೆಲ್ಲ ಕುಣಿದಾಡಿದೆವು. ನಮ್ಮ ಟೀಮಿನಿಂದ ಯಾರು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ, ಕ್ಯಾಪ್ಟನ್. ಅವಳ ಕೈಯಲ್ಲಿ ಬಳೆ ಇಲ್ಲ ಅನ್ನುವುದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ದಿನವೂ ಕಾಣುವುದು ಕಣ್ಣಿಗೆ ಬೀಳುವುದಿಲ್ಲ.

ಕ್ಯಾಪ್ಟನ್ನಿಗೆ ಆ ವೋಟು ಬೇಕಾಗಿತ್ತು. ಬಾಯಿಬಿಟ್ಟು ಕೇಳುವವಳಲ್ಲ, ಆದರೂ ನನಗೆ ಹೇಳಿದ್ದಳು. ಹೊಲಿಗೆ ಮಶೀನಿನ ಮುಂದೆ ಕೂತು, ದಾರ ಪೋಣಿಸುತ್ತ, ನನ್ನ ಮುಖ ನೋಡದೆ.

"ನಮ್ಮಣ್ಣ ಈ ವರ್ಷ ಸಾಕು ಅನ್ನಕತ್ಯಾನ. ಪಾಪ ಅಂತ ನಿನ್ನ ಸೇರಿಸ್ಕೊಂಡಾರ, ಆಟ ಬರ್ತತಿ ಅಂತಲ್ಲ ಅಂತಾನ. ನಾಲ್ಕೂರಿನವರು ಏನಂತಾರೋ ನೋಡು ಅಂದೀನಿ. ಅವರು ಹೌದಂದ್ರ ಮುಂದೂ ಆಡಾಕಿ, ಇಲ್ಲಾಂದ್ರ ಬಿಡಾಕಿ. ಮಾತು ಕೊಟ್ಟೀನಿ."

ದಾರದ ತುದಿಯನ್ನು ಹಲ್ಲಿನಿಂದ ಕಡಿದು ಅವಳೇ ಮುಂದುವರಿಸಿದಳು. "ಮನ್ಯಾಗ ಪಾಪ ಅಂತಾರ, ಓಣ್ಯಾಗ ಪಾಪ ಅಂತಾರ. ಅಂಕಣದಾಗ ಒಬ್ಬಾಕೀನೂ ಅನ್ನಂಗಿಲ್ಲ. ಕಾಲು ಹಿಡಿದು ದರದರ ಎಳೀತಾರ."

ಅಂದು ಅವಳು ಆಡಿದ ಆಟವನ್ನು ಹೇಗೆ ಹೇಳಲಿ... ಹಗರಿಬೊಮ್ಮನಹಳ್ಳಿಯವರ ಮೇಲೆ ಆಡುವಾಗ ಅವಳ ಕಿರುಬೆರಳು ಸರಿಯಿತು. ಚಾಚಾ ಆಟ ಬಿಡು ಎಂದರೆ ಕೇಳದೆ, ಟ್ಯೂಬಿನ ಒಂದು ಎಳೆ ಹರಿದು ಅದನ್ನು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿಸಿಕೊಂಡು ಮತ್ತೆ ಒಳಗೆ ಹೋದಳು. ಫೈನಲ್ ಹರಪನಹಳ್ಳಿಯವರ ಜೊತೆ. ಅವರಲ್ಲಿ ಅವರದೇ ತಾಲ್ಲೂಕಿನ ಅರಸೀಕೆರೆಯ ಕಡೆಯ ಹುಡುಗಿಯೊಬ್ಬಳಿದ್ದಳು, ಕಾಲು ಹಿಡಿಯುವುದರಲ್ಲಿ ಐದೂರಿಗೂ ಮೇಲು. ಅವರ ಕಡೆಯಿಂದ ವೋಟಿಗೆ ನಿಂತವಳೂ ಅವಳೇ. ಅವಳ ಕೈಗೆ ಸಿಕ್ಕ ಕಾಲು ವಾಪಸು ಬರುತ್ತಿರಲಿಲ್ಲ. ಕ್ಯಾಪ್ಟನ್ ಸಿಕ್ಕಳು. ಮೇಲೆ ಮತ್ತೂ ಮೂವರು ಬಿದ್ದರು. ಅಷ್ಟೂ ಜನರನ್ನು ಎಳೆದುಕೊಂಡು ಅವಳು ಮೊಣಕೈಯ ಮೇಲೆ ತೆವಳುತ್ತ ಬಂದು ಗೆರೆ ಮುಟ್ಟಿದಾಗ ಚಹಾದಂಗಡಿಯ ಕಟ್ಟೆಯವರೂ ಎದ್ದು ನಿಂತಿದ್ದರು. ಆಟ ನಾವು ಸೋತೆವು. ಆದರೆ ಆ ಒಂದು ಕ್ಷಣ ಯಾರದ್ದು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ವೋಟು ಶಾಲೆಯ ಒಂದು ಕೋಣೆಯಲ್ಲಿ. ಚಾಚಾ ತನ್ನ ಅಂಗಡಿಯಿಂದ ಐದು ಹಳೆಯ ಸೈಕಲ್ ಟೈರು ತಂದು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ಊರಿನ ಹೆಸರು ಬರೆದಿದ್ದ. ಒಬ್ಬೊಬ್ಬಳೇ ಒಳಗೆ ಹೋಗಿ, ತನ್ನ ಒಂದು ಬಳೆಯನ್ನು ಮನಸ್ಸಿಗೆ ಬಂದ ಟೈರಿನೊಳಗೆ ಇಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಬರಬೇಕು. ಹಡಗಲಿಯವರು ತಂದ ಮಲ್ಲಿಗೆಯನ್ನು ನಾವು ಹುಡುಗಿಯರು ಮುಡಿದು, ಮದುವೆ ಮನೆಯವರ ಹಾಗೆ ಗದ್ದಲ ಮಾಡುತ್ತ ಸಾಲಿನಲ್ಲಿ ನಿಂತಿದ್ದೆವು. ಆತಿಥ್ಯದ ಊರಿನವರೆಂದು ನಮ್ಮ ಟೀಮೇ ಮೊದಲು, ನನ್ನ ಹಿಂದೆ ಕ್ಯಾಪ್ಟನ್. ನನ್ನ ಸರದಿ ಬರುವ ಹೊತ್ತಿಗೆ ಮೆಲ್ಲಗೆ ನನ್ನ ಹೆಗಲು ಮುಟ್ಟಿದಳು.

"ನಿಂದೊಂದು ಬಳಿ ಕೊಡ. ನನ್ನ ಹತ್ರ ಇಲ್ಲಲ್ಲ" ಎಂದಳು.

ಕೊಟ್ಟೆ. ಹಸಿರು ಗಾಜಿನ ಬಳೆ. ಅವಳು ಅದನ್ನು ಅಂಗೈ ಮೇಲೆ ಇಟ್ಟುಕೊಂಡಳು, ಬೆರಳಿಗೂ ಏರಿಸಲಿಲ್ಲ. ತಿರುಗಿ ಸಾಲನ್ನು ನೋಡಿದೆ. ಗದ್ದಲ ನಿಂತಿತ್ತು. ನಾಲ್ಕೂರಿನ ಹುಡುಗಿಯರ ಕಣ್ಣೆಲ್ಲ ಆ ಅಂಗೈಯ ಮೇಲಿತ್ತು.

ಆಮೇಲಿನದು ಬೇಗ ಮುಗಿಯಿತು. ಚಾಚಾ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆದ. ಹರಪನಹಳ್ಳಿಯ ಟೈರಿನಲ್ಲಿ ಬಳೆಗಳ ರಾಶಿ. ಹಡಗಲಿಗೂ ಬಿದ್ದಿದ್ದವು, ಕೂಡ್ಲಿಗಿಗೂ, ಹಗರಿಬೊಮ್ಮನಹಳ್ಳಿಗೂ. ಕೊಟ್ಟೂರಿನ ಟೈರಿನೊಳಗೆ ನೆಲ ಕಾಣುತ್ತಿತ್ತು. ಒಂದೂ ಇಲ್ಲ. ಚಾಚಾ ಬಗ್ಗಿ, ಬಳೆ ಎಲ್ಲಾದರೂ ಉರುಳಿ ಹೋಗಿದೆಯೇನೋ ಎಂಬಂತೆ ಟೈರನ್ನು ಎತ್ತಿ ಕೆಳಗೆ ನೋಡಿದ. ಎದ್ದಾಗ ಅವನ ಮುಖ ಬೂದಿ ಬಡಿದಂತಿತ್ತು. ಅವನಿಗೆ ಆಗ ತಿಳಿಯಿತು. ನಮಗೂ ಆಗಲೇ ತಿಳಿಯಿತು. ಗಂಡ ಸತ್ತವಳ ಹೆಸರಿನಲ್ಲಿ ಬಳೆ ಇಡುವುದು ಹೇಗೆ? ಇಟ್ಟರೆ ಆಡಿಕೊಂಡ ಹಾಗಾಗುತ್ತದೆಯೇ? ಗೆದ್ದರೆ ತೊಡಿಸುವವರು ಯಾರು? ಮನಸ್ಸಿನಲ್ಲಿ ಅವಳ ಹೆಸರು ಇಟ್ಟುಕೊಂಡೇ ಒಳಗೆ ಹೋದವರು, ಆ ಟೈರಿನ ಮುಂದೆ ನಿಂತು, ಕೈ ಬಾರದೆ, ಪಕ್ಕದಲ್ಲಿ ಹಾಕಿ ಬಂದಿದ್ದರು. ಒಬ್ಬರಲ್ಲ, ಎಲ್ಲರೂ.

ಚಾಚಾ ಟೈರನ್ನು ಕೆಳಗಿಟ್ಟ. "ತಪ್ಪು ನಂದೈತಿ. ಬಳಿ ಬ್ಯಾಡ. ಹುಣಸಿಬೀಜ ತರಿಸ್ತೀನಿ, ಇನ್ನೊಮ್ಮಿ ಹಾಕ್ರಿ" ಎಂದ.

ನಾಲ್ಕಾರು ಹುಡುಗಿಯರು ಹೌದು ಹೌದು ಎಂದರು. ಕ್ಯಾಪ್ಟನ್ ತಲೆಯಾಡಿಸಿದಳು.

"ಬ್ಯಾಡ ಚಾಚಾ. ಈಗ ಹಾಕಿದ್ರ ಪಾಪ ಅಂತ ಹಾಕ್ತಾರ."

ಅವಳೇ ಮುಂದೆ ಹೋಗಿ ಅರಸೀಕೆರೆಯ ಹುಡುಗಿಯ ಬೆನ್ನು ತಟ್ಟಿ, ಚಲೋ ಹಿಡಿದಿ ಲೇ ಎಂದಳು. ಗೆದ್ದವಳಿಗೆ ಬಳೆ ತೊಡಿಸಬೇಕಾದವಳು ಆತಿಥ್ಯದ ಊರಿನ ಕ್ಯಾಪ್ಟನ್. ಅವಳು ನನ್ನನ್ನು ಮುಂದೆ ತಳ್ಳಿದಳು. ನಾನು ತೊಡಿಸಿದೆ. ಆ ಹುಡುಗಿ ತಲೆ ಎತ್ತದೆ ಕೈ ಚಾಚಿದ್ದಳು. ನನಗೆ ಅವಳ ಮೇಲೆ, ಆ ನಾಲ್ಕೂರಿನವರೆಲ್ಲರ ಮೇಲೆ, ಚಾಚಾನ ಮೇಲೆ, ಆಸ್ಟ್ರೇಲಿಯಾದವರ ಮೇಲೆ ಕೂಡ ಸಿಟ್ಟು ಬಂದಿತ್ತು. ಈಗ ನೆನೆದರೂ ಬರುತ್ತದೆ.

ಮನೆಗೆ ಹೋಗುವಾಗ ನಾನು ದಾರಿಯುದ್ದಕ್ಕೂ ಬೈಯುತ್ತಿದ್ದೆ. ಅವಳು ಓಣಿಯ ಮೂಲೆಯಲ್ಲಿ ನಿಂತು, ಕಟ್ಟಿದ್ದ ಬೆರಳುಗಳನ್ನು ಬಿಚ್ಚಿಕೊಳ್ಳುತ್ತ ಹೇಳಿದಳು. "ನನ್ನ ಕೈ ಹಿಡಿದು ಎಳೆಯೋವಾಗ ಒಬ್ಬಾಕಿಗೂ ಬಳಿ ನೆನಪಾಗಲಿಲ್ಲ ನೋಡು. ಅಷ್ಟು ಹೊತ್ತು ಚಲೋ ಇತ್ತು."

ಮರುದಿನದಿಂದ ಅವಳು ಮೈದಾನಕ್ಕೆ ಬರಲಿಲ್ಲ. ಅಣ್ಣ ಏನಾದರೂ ಅಂದನೋ ಇಲ್ಲವೋ ಗೊತ್ತಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ. ಅವಳು ಮಾತು ಕೊಟ್ಟಿದ್ದಳು. ನಾನು ಹೋಗಿ ಕಾಡಿದೆ, ಜಗಳವಾಡಿದೆ. ಮಶೀನು ತುಳಿಯುವುದನ್ನು ನಿಲ್ಲಿಸದೆ ಕೇಳಿಸಿಕೊಳ್ಳುತ್ತಿದ್ದಳು. ಚಾಚಾನೂ ಹೋಗಿದ್ದ. ಬಾಗಿಲಲ್ಲೇ ನಿಂತು, ನನ್ನ ತಲ್ಯಾಗ ಅದು ಬರಲೇ ಇಲ್ಲವ್ವ ಎಂದನಂತೆ. ಅವಳು ಅವನಿಗೆ ಚಹಾ ಮಾಡಿ ಕೊಟ್ಟು ಕಳಿಸಿದಳಂತೆ. ಮುಂದಿನ ವರ್ಷ ಹುಣಸೆಬೀಜದಲ್ಲಿ ವೋಟು ನಡೆಯಿತು. ಚೆನ್ನಾಗಿಯೇ ನಡೆಯಿತು. ಚಾಚಾ ಮಾತ್ರ ಆ ಕೋಣೆಯೊಳಗೆ ಕಾಲಿಡಲಿಲ್ಲ, ಹೊರಗೆ ಬೇವಿನ ಮರದ ಸುತ್ತ ತಿರುಗುತ್ತಿದ್ದ. ಅವನು ಹೋದ ಮೇಲೆ ಐದೂರಿನ ಆಟವೂ ನಿಂತಿತು.

ಈಗಲೂ ಆ ದೇಶದ ಪ್ರಶಸ್ತಿಗಳ ಕಾಲ ಬಂತೆಂದರೆ ನಾನು ಫೋನಿನಲ್ಲಿ ಹುಡುಕುತ್ತೇನೆ. ಈಗ ಅಲ್ಲಿ ಹೆಣ್ಣುಮಕ್ಕಳದ್ದೇ ಬೇರೆ ಲೀಗು, ಅವರೂ ತಮ್ಮವರಿಗೆ ತಾವೇ ವೋಟು ಹಾಕುತ್ತಾರೆ. ಧೈರ್ಯಗಾರ್ತಿ ಎಂದು ಆರಿಸಿಬಂದವಳು ನಗುತ್ತ ನಿಂತ ಫೋಟೋ ಇರುತ್ತದೆ. ಯಾವ ಊರಿನವಳೋ, ಯಾರ ಮಗಳೋ. ಅವಳಿಗೆ ವೋಟು ಹಾಕಿದವರು ಅವಳಿಂದ ಪೆಟ್ಟು ತಿಂದವರು ಅನ್ನುವುದೊಂದೇ ನನಗೆ ಗೊತ್ತು. ಫೋಟೋ ನೋಡಿ ಎದ್ದು ಅತ್ತಿಂದಿತ್ತ ತಿರುಗಾಡುತ್ತೇನೆ. ಮನೆಯವರು ಇವಳಿಗೇನಾಯಿತು ಎಂದು ನೋಡುತ್ತಾರೆ.

ಇನ್ನೊಂದು ಸಂಗತಿ ನನ್ನನ್ನು ಹೀಗೆ ಕಾಡುತ್ತದೆ. ಆ ದಿನದ ಆಟಗಾರ್ತಿಯರು ಈಗ ಎಲ್ಲೆಲ್ಲಿಯೋ ಸಿಗುತ್ತಾರೆ. ಕೂಡ್ಲಿಗಿಯವಳು ನಮ್ಮ ಬ್ಯಾಂಕಿಗೇ ಬಂದಿದ್ದಳು. ಹಡಗಲಿಯವಳು ಒಂದು ಮದುವೆಯಲ್ಲಿ, ಹಗರಿಬೊಮ್ಮನಹಳ್ಳಿಯವಳಂತೂ ವಾರಕ್ಕೊಮ್ಮೆ ಸಂತೆಯಲ್ಲಿ. ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಮುಗಿದ ಮೇಲೆ, ನಾನು ನಿಮ್ಮ ಕ್ಯಾಪ್ಟನ್ನಿಗೇ ಹಾಕಬೇಕಂತಿದ್ದೆ ಎನ್ನುತ್ತಾರೆ. ಕೇಳದೆಯೇ ಹೇಳುತ್ತಾರೆ. ಅದನ್ನು ಹೋಗಿ ಅವಳಿಗೇ ಹೇಳಬಾರದಿತ್ತೇ ಎಂದು ನಾಲಿಗೆಯ ತುದಿಗೆ ಬರುತ್ತದೆ. ಇವರು ಬಾಯಿಬಿಡುವ ಮೊದಲೇ, ಹೋದ ವರ್ಷ ಕಾಮಾಲೆಯಾಗಿ ಕ್ಯಾಪ್ಟನ್ ತೀರಿಕೊಂಡಿದ್ದಳು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಆಡುತ್ತಿದ್ದವಳು ಅನ್ನುವುದು ಅಲ್ಲಿ ಸೇರಿದವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲವಂತೆ. ಪಾಪ, ಒಳ್ಳೆಯವಳು ಎನ್ನುತ್ತಿದ್ದರಂತೆ...

ಪಂಕ್ಚರ್ ಆದ ವಾರದ ಭಾನುವಾರ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಾರಣವಿಲ್ಲದೆ ಕೊಟ್ಟೂರಿನ ಬಸ್ಸು ಹತ್ತಿದೆ. ಚಾಚಾನ ಅಂಗಡಿ ಇದ್ದಲ್ಲಿ ಮೊಬೈಲಿನ ಅಂಗಡಿ ಇದೆ. ಅಲ್ಲಿ ನಿಲ್ಲಲಾಗದೆ ಎದುರು ಬಂದ ಹರಪನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ಇಳಿದು, ಇಲ್ಲಿಗೆ ಯಾಕೆ ಬಂದೆ ಎಂದು ನಿಂತಿರುವಾಗ ಯಾರೋ ಹಿಂದಿನಿಂದ ನನ್ನ ಮುಂಗೈ ಹಿಡಿದರು. ಹಿಡಿತದಲ್ಲೇ ಗುರುತು ಸಿಕ್ಕಿತು. ಅರಸೀಕೆರೆಯ ಹುಡುಗಿ. ಈಗ ಆಸ್ಪತ್ರೆಯಲ್ಲಿ ನರ್ಸು, ಕೂದಲು ನೆರೆತಿದೆ, ಡ್ಯೂಟಿಗೆ ಹೊರಟಿದ್ದಳು.

ನಾಲ್ಕು ಮಾತಾಡುವುದರೊಳಗೆ ಅವಳ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಳು.

"ಆ ಬಳಿ ಇನ್ನೂ ಇಟ್ಕಂಡೀನಿ, ಅವತ್ತು ಬಿಚ್ಚಿದ್ದು ಮತ್ತ ತೊಟ್ಟಿಲ್ಲ. ಆಕಿ ಟೈರಿನ ಮುಂದೆ ಕುಂತು ಎದ್ದೆ ನಾನು. ನೊಂದ್ಕಂತಾಳೇನೋ ಅಂತ ಕೈ ಬರಲಿಲ್ಲ. ನಿಮ್ಮ ಕ್ಯಾಪ್ಟನ್ ಸಿಕ್ಕರೆ ಹೇಳ್ರಿ, ನನ್ನ ವೋಟು ಆಕೀದೇ ಇತ್ತು ಅಂತ."

ಅವಳಿಗೆ ಸುದ್ದಿ ಗೊತ್ತಿರಲಿಲ್ಲ. ನಾನು ಬಾಯಿ ತೆರೆದೆ. ಬಸ್ಸು ಹೊರಟಿತ್ತು, ಅವಳು ಬಾಗಿಲ ಕಂಬಿ ಹಿಡಿದು ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದಳು.

"ಹೇಳ್ತೀನಿ" ಎಂದೆ.

ನಾಲ್ಕೂರಿನವರ ವೋಟೂ ಬಂತು ಈಗ. ಕ್ಯಾಪ್ಟನ್ ಗೆದ್ದಿದ್ದಾಳೆ. ಹೇಳೋಣವೆಂದರೆ ಅವಳಿಲ್ಲ.